ಮೀನಿನ ಹೋಟೆಲ್ ಮುಚ್ಚಿದ್ದಕ್ಕೆ ಮಕ್ಕಳನ್ನು ಬೈಯಬೇಡಿ

ಸೇಲಂನಲ್ಲಿ ನಮ್ಮ ಕರಾವಳಿಯ ಕುಟುಂಬವೊಂದು ನಡೆಸುತ್ತಿದ್ದ ಮೀನಿನ ಹೋಟೆಲ್ ಮುಚ್ಚಿತು. ಸುದ್ದಿ ಗೊತ್ತಾದ ದಿನದಿಂದ ಅಲ್ಲಿ ಒಂದು ಸಲ ಉಂಡವರೂ ನೂರು ಸಲ ಉಂಡವರೂ ದುಃಖ ತೋಡಿಕೊಳ್ಳುತ್ತಿದ್ದಾರೆ. ಅಂಥ ಬಂಗುಡೆ ಪುಳಿಮುಂಚಿ ಇನ್ನು ಸಿಗಲಿಕ್ಕಿಲ್ಲವಂತೆ. ಅದು ಸರಿ, ಸಿಗಲಿಕ್ಕಿಲ್ಲ. ಆದರೆ ಎಲ್ಲರ ದುಃಖವೂ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಮಕ್ಕಳು ಮುಂದುವರಿಸಬಹುದಿತ್ತು, ಓದಿದ ಮಕ್ಕಳಿಗೆ ಮೀನಿನ ವಾಸನೆ ಆಗುವುದಿಲ್ಲ.

ಈ ಮಾತು ತಪ್ಪು. ತಪ್ಪು ಮಾತ್ರ ಅಲ್ಲ, ಅನ್ಯಾಯ ಕೂಡ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸೇಲಂನ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಗ ವಾರಕ್ಕೆ ಮೂರು ದಿನ ಅಲ್ಲೇ ಊಟ. ಹೋಟೆಲಿನ ಹೆಸರು ಬರೆಯುವುದಿಲ್ಲ, ಆ ಮನೆಯವರು ಪ್ರಚಾರ ಕೇಳಿದವರಲ್ಲ. ನಾಲ್ಕು ಬೆಂಚು, ಒಂದು ಕೈತೊಳೆಯುವ ತೊಟ್ಟಿ. ಬೆಳ್ತಿಗೆಯ ಜೊತೆ ಕುಚ್ಚಲಕ್ಕಿ ಅನ್ನವೂ ಇರುತ್ತಿತ್ತು, ಸೇಲಂನಲ್ಲಿ ಅದೇ ದೊಡ್ಡ ಸಂಗತಿ. ಮಂಗಳೂರಿನ ಲಾರಿ ಡ್ರೈವರುಗಳು, ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸದವರು, ಮನೆಯಲ್ಲಿ ಕನ್ನಡವಾಡುವ ನೇಕಾರರ ಹುಡುಗರು, ಸ್ಥಳೀಯ ತಮಿಳರು ಎಲ್ಲರೂ ಬರುತ್ತಿದ್ದರು. ಒಂದೇ ಬೆಂಚಿನಲ್ಲಿ ಬ್ಯಾರಿ, ತುಳು, ಕನ್ನಡ, ತಮಿಳು ಕೇಳಿಸುತ್ತಿತ್ತು. ಯಾರು ಎಲ್ಲಿಯವರೆಂದು ಯಾರೂ ಕೇಳುತ್ತಿರಲಿಲ್ಲ, ಇವತ್ತು ಯಾವ ಮೀನು ಎಂದಷ್ಟೇ ಕೇಳುತ್ತಿದ್ದರು.

ಈಗ ಲೆಕ್ಕಕ್ಕೆ ಬರೋಣ. ಅಂಗಡಿಯವನ ಮಗ ನಾನು, ಲೆಕ್ಕ ಬಿಟ್ಟು ಮಾತಾಡಲು ಬರುವುದಿಲ್ಲ.

ಸೇಲಂಗೆ ಕಡಲು ಇಲ್ಲ. ಒಂದೋ ಪೂರ್ವ ಕರಾವಳಿಯಿಂದ ಮೀನು ಬರಬೇಕು, ಇಲ್ಲವೇ ಪಶ್ಚಿಮ ಕರಾವಳಿಯಿಂದ ಘಟ್ಟ ದಾಟಿ ಬರಬೇಕು. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಎರಡನ್ನೂ ಸೇರಿಸಿ ನೋಡಿ: ವರ್ಷದಲ್ಲಿ 108 ದಿನ ಯಾವುದಾದರೂ ಒಂದು ಕಡಲು ಮುಚ್ಚಿಯೇ ಇರುತ್ತದೆ, ಜೂನ್‌ನ ಮೊದಲ ಎರಡು ವಾರ ಎರಡೂ ಮುಚ್ಚಿರುತ್ತವೆ. ನಿಷೇಧ ಬೇಕು, ಮೀನು ಮರಿ ಹಾಕುವ ಸಮಯ ಅದು, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ದಿನಗಳಲ್ಲಿ ಮೀನಿನ ಬೆಲೆ ಏರುತ್ತದೆ, ಹೋಟೆಲಿನ ಬಾಡಿಗೆ ಇಳಿಯುವುದಿಲ್ಲ. ಕಿಲೋ ಲೆಕ್ಕದಲ್ಲಿ ತಂದ ಮೀನಿನಲ್ಲಿ ತಲೆ, ಕರುಳು, ರೆಕ್ಕೆ ತೆಗೆದರೆ ಒಳ್ಳೆಯ ಪಾಲು ಕಸಕ್ಕೆ ಹೋಗುತ್ತದೆ. ಗಿರಾಕಿಗೆ ಕಾಣುವುದು ತಟ್ಟೆಯ ತುಂಡು ಮಾತ್ರ.

ಗ್ಯಾಸಿನ ಕಥೆ ಕೇಳಿ. ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರ್ 2022ರ ಮೇ ತಿಂಗಳಲ್ಲಿ ಚೆನ್ನೈಯಲ್ಲಿ 2,500 ರೂಪಾಯಿ ದಾಟಿತ್ತು. ಎರಡು ವರ್ಷ ಕೊರೊನಾದಲ್ಲಿ ನರಳಿದ ಸಣ್ಣ ಹೋಟೆಲುಗಳಿಗೆ ಇದು ಬಂದ ಸಮಯ ನೋಡಿ. ಆ ಹೋಟೆಲಿನಲ್ಲಿ ಊಟಕ್ಕೆ ಹತ್ತು ರೂಪಾಯಿ ಏರಿಸಿದಾಗ ಏನಾಯಿತು? ನಮ್ಮವರೇ ಮುಖ ಸಿಂಡರಿಸಿದರು. ನಮ್ಮ ಹೋಟೆಲ್ ಅಲ್ಲವಾ, ನಮಗೂ ಅದೇ ರೇಟಾ ಅಂತ ಕೇಳಿದರು.

ಮೆಟ್ಟೂರಿನ ಮೀನು ತರಬಹುದಿತ್ತಲ್ಲ ಅನ್ನುವವರಿದ್ದಾರೆ. ತಂದಿದ್ದರು. 1934ರಲ್ಲಿ ಶುರುವಾದ ಆ ಅಣೆಕಟ್ಟಿನ ಜಲಾಶಯದಲ್ಲಿ ಕಾಟ್ಲಾ, ರೋಹು, ಅಲ್ಲಿಯವರು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಸಿಗುತ್ತವೆ. ಆದರೆ ಅದೂ ನೀರನ್ನು ನಂಬಿದ್ದು. ಪೂರ್ಣ ಮಟ್ಟ 120 ಅಡಿ, ಬರಗಾಲದಲ್ಲಿ ಅದು ಎಷ್ಟು ಇಳಿಯುತ್ತದೆಂದರೆ ಪಣ್ಣವಾಡಿಯಲ್ಲಿ ಮುಳುಗಿದ ನಂದಿಯ ವಿಗ್ರಹವೂ ಹಳೆಯ ಚರ್ಚಿನ ಗೋಪುರವೂ ಮೇಲೆ ಕಾಣಿಸುತ್ತವೆ. ಜನ ಅದನ್ನು ನೋಡಲು ಬಂದು ಫೋಟೋ ತೆಗೆಯುತ್ತಾರೆ. ಬಲೆ ಹಾಕುವವನಿಗೆ ಅದು ಫೋಟೋ ಅಲ್ಲ. ಇನ್ನು, ಕಡಲ ಮೀನು ಕೇಳಿಕೊಂಡು ಬಂದವನು ಕೆರೆಮೀನು ಕಂಡರೆ ಎದ್ದು ಹೋಗುತ್ತಿದ್ದ, ಅದೂ ಸತ್ಯ.

ಇಷ್ಟೆಲ್ಲ ಇದ್ದೂ ಆ ಹೋಟೆಲ್ ಅಷ್ಟು ವರ್ಷ ನಡೆದದ್ದು ಹೇಗೆ? ಉತ್ತರ ಅಡುಗೆಮನೆಯಲ್ಲಿತ್ತು. ಮನೆಯ ಉಮ್ಮ, ಸೊಸೆ, ರಜೆಯಲ್ಲಿ ಮಗಳು, ಮೂವರೂ ಬೆಳಗ್ಗೆ ಐದಕ್ಕೆ ಮಸಾಲೆ ಅರೆಯಲು ಶುರು ಮಾಡಿದರೆ ರಾತ್ರಿ ಹತ್ತರವರೆಗೆ ಕೆಲಸ. ಅವರಿಗೆ ಸಂಬಳ ಇರಲಿಲ್ಲ. ಮನೆಯವರಿಗೆ ಎಂಥ ಸಂಬಳ ಎಂಬುದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ. ನಾವು ಪ್ರೀತಿಯಿಂದ ಫ್ಯಾಮಿಲಿ ಹೋಟೆಲ್ ಅನ್ನುತ್ತೇವಲ್ಲ, ಅದರ ಅರ್ಥ ಬಹಳ ಕಡೆ ಇಷ್ಟೇ: ಹೆಂಗಸರ ಕೂಲಿ ಬಿಲ್ಲಿನಲ್ಲಿ ಸೇರಿಲ್ಲ. ನಮಗೆ ಕಡಿಮೆ ಬೆಲೆಗೆ ಸಿಕ್ಕಿದ್ದು ಮೀನಲ್ಲ, ಅವರ ದುಡಿಮೆ.

ವರ್ಕ್‌ಶಾಪಿನಲ್ಲಿ ಒಂದು ಲೇತ್ ಮಷೀನ್ ತಂದರೆ ವರ್ಷ ವರ್ಷ ಅದರ ಸವಕಳಿ ಬರೆದಿಡುತ್ತಾರೆ, ಮುಂದೆ ಹೊಸದು ತರಲು ದುಡ್ಡು ಬೇಕಲ್ಲ. ಆ ಉಮ್ಮನ ಮೊಣಕಾಲಿಗೆ, ಹೊಗೆ ಕುಡಿದ ಕಣ್ಣಿಗೆ ಯಾವ ಪುಸ್ತಕದಲ್ಲೂ ಸವಕಳಿ ಬರೆದಿರಲಿಲ್ಲ. ಮೊಣಕಾಲು ಕೈಕೊಟ್ಟಿತು, ಹೋಟೆಲ್ ಮುಚ್ಚಿತು. ಮಗಳು ಓದಿ ತಿಂಗಳ ಸಂಬಳದ ಕೆಲಸ ಹಿಡಿದಳು. ಇದರಲ್ಲಿ ದುಃಖಪಡುವುದು ಏನಿದೆ? ಬೈಯುವವರನ್ನೇ ಕೇಳುತ್ತೇನೆ: ನಿಮ್ಮಲ್ಲಿ ಎಷ್ಟು ಜನ ನಿಮ್ಮ ಮಗನನ್ನು ಮೀನಿನ ಹೋಟೆಲಿಗೆ ಕೂರಿಸಿದ್ದೀರಿ? ನನ್ನ ಬಾಪ ನನ್ನನ್ನು ಡಿಪ್ಲೊಮಾಕ್ಕೆ ಕಳಿಸಿದ್ದೇ ಗಲ್ಲಾಪೆಟ್ಟಿಗೆಯ ಹಿಂದೆ ಮುದುಕನಾಗುವುದು ಬೇಡ ಅಂತ. ನಮ್ಮ ಮಕ್ಕಳು ದುಬೈಗೆ, ದಮ್ಮಾಮಿಗೆ ಹೋಗಬಹುದು. ಅವರ ಮಕ್ಕಳು ಮಾತ್ರ ನಮ್ಮ ನಾಲಗೆಗಾಗಿ ಒಲೆ ಮುಂದೆ ಇರಬೇಕು!

ಪಕ್ಕದ ಧರ್ಮಪುರಿ ಜಿಲ್ಲೆಗೂ ಹೋಗಿ ನೋಡಿ. ಹೊಗೇನಕಲ್‌ನಲ್ಲಿ ಪ್ರವಾಸಿಗರು ಮೀನು ಕೊಂಡು ಕೊಟ್ಟರೆ ಹೆಂಗಸರು ಅಲ್ಲೇ ಕೊಯ್ದು, ಮಸಾಲೆ ಹಚ್ಚಿ, ಕರಿದು, ಸಾರು ಮಾಡಿ ಬಡಿಸುತ್ತಾರೆ. ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತದೆ, ಹರಿಗೋಲು ನಿಂತರೆ ಪ್ರವಾಸಿಗರಿಲ್ಲ, ಒಲೆಯೂ ಇಲ್ಲ. 2018ರ ನೆರೆಯಲ್ಲಿ ವಾರಗಟ್ಟಲೆ ಹೀಗಾಯಿತು, 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ. ಹೊಗೇನಕಲ್ ಎಂಬ ಹೆಸರು ಕನ್ನಡದ್ದು, ಹೊಗೆಯ ಕಲ್ಲು ಎಂದು ನಮಗೆ ಹೆಮ್ಮೆ. 2008ರಲ್ಲಿ ಅಲ್ಲಿನ ಕುಡಿಯುವ ನೀರಿನ ಯೋಜನೆಗಾಗಿ ಎರಡೂ ರಾಜ್ಯಗಳ ಬೀದಿಗಳು ಬಿಸಿಯಾದವು. ಒಲೆ ಆರಿದ ಆ ಹೆಂಗಸರಿಗಾಗಿ ಎರಡೂ ಕಡೆ ಅಂಥ ಬಿಸಿ ಕಾಣಲಿಲ್ಲ.

ದೊಡ್ಡ ಮೀನಿನ ಹೋಟೆಲುಗಳು ನಡೆಯುತ್ತಿಲ್ಲವಾ ಎಂದು ಕೇಳಬಹುದು. ನಡೆಯುತ್ತಿವೆ. ಅವು ಫ್ರೀಜರ್ ಇಟ್ಟುಕೊಂಡಿವೆ, ಅಡುಗೆಯವನಿಗೆ ಸಂಬಳ ಕೊಡುತ್ತವೆ, ಅದನ್ನು ನಮ್ಮ ಬಿಲ್ಲಿನಲ್ಲೇ ವಸೂಲು ಮಾಡುತ್ತವೆ. ಎಸಿ ರೂಮಿನಲ್ಲಿ ಕೂತು ಒಂದು ಅಂಜಲ್ ತುಂಡಿಗೆ ಹೇಳಿದಷ್ಟು ಕೊಡುವಾಗ ನಮಗೆ ಬಾಯಿ ಬರುವುದಿಲ್ಲ. ಮದುವೆಯಲ್ಲಿ ಇಪ್ಪತ್ತು ಬಗೆ ಮಾಡಿಸಿ ಅರ್ಧ ಎಸೆಯುವಾಗಲೂ ಬಾಯಿ ಬರುವುದಿಲ್ಲ. ಪರಿಚಯದವರ ಬೆಂಚಿನಲ್ಲಿ ಮಾತ್ರ ಹತ್ತು ರೂಪಾಯಿಗೆ ಬಾಯಿ ಬರುತ್ತದೆ.

ಇನ್ನು ಕೆಲವರು ಹೇಳುವುದು, ಅಂಥ ಹೋಟೆಲ್ ಲಾಭಕ್ಕಲ್ಲ, ಬರಕತ್ತಿಗೆ ನಡೆಯುತ್ತಿತ್ತು ಅಂತ. ಬರಕತ್ತು ನಮ್ಮ ಹೊಟ್ಟೆಗೆ ಬಂತು, ಸಾಲ ಅವರ ಮನೆಗೆ ಬಂತು. ಹೋಟೆಲ್ ಮುಚ್ಚುವಾಗ ಕಡದ ಪುಸ್ತಕದಲ್ಲಿ ಎಷ್ಟೋ ಪುಟ ವಸೂಲಾಗದೆ ಉಳಿದಿತ್ತು. ಆ ಪುಟಗಳಲ್ಲಿ ಇದ್ದವರೂ ನಮ್ಮವರೇ.

ನಾನು ಕೇಳುವುದು ದೊಡ್ಡದೇನಲ್ಲ. ಆ ಪುಸ್ತಕದಲ್ಲಿ ನಿಮ್ಮ ಹೆಸರಿದ್ದರೆ ಈ ವಾರವೇ ಕೊಟ್ಟು ಬನ್ನಿ, ಅವರು ಕೇಳಲಿಕ್ಕಿಲ್ಲ. ಊರು ಬಿಟ್ಟು ಹೋಟೆಲ್ ಇಟ್ಟವರು ಇನ್ನೂ ಇದ್ದಾರೆ, ಅಲ್ಲಿ ನಮ್ಮವರೆಂದು ಕಡಿಮೆ ಕೇಳಬೇಡಿ. ನಮ್ಮವರೆಂದೇ ಪೂರ್ತಿ ಕೊಡಿ. ನಮ್ಮ ಸಂಘಟನೆಗಳು ಬಡ್ಡಿ ಇಲ್ಲದ ಸಾಲ ಕೊಡುವುದಾದರೆ ಒಲೆ ಮುಂದೆ ನಿಂತವಳ ಹೆಸರಿಗೆ ಕೊಡಲಿ, ಅಂಗಡಿಯ ಕಾಗದದಲ್ಲಿ ಅವಳ ಹೆಸರೂ ಇರಲಿ, ಅವಳ ಸಂಬಳ ಮೊದಲ ಖರ್ಚಾಗಿ ಬರೆಯಲಿ. ಆಗ ಊಟ ಐವತ್ತು ರೂಪಾಯಿ ಜಾಸ್ತಿಯಾಗುತ್ತದೆ. ಆಗಲಿ. ಅದೇ ಅದರ ನಿಜವಾದ ಬೆಲೆ.

ಅಷ್ಟು ಕೊಡಲು ಮನಸ್ಸಿಲ್ಲದಿದ್ದರೆ ಪುಳಿಮುಂಚಿ ಮನೆಯಲ್ಲೇ ಮಾಡಿಕೊಳ್ಳಿ. ಮೀನು ನೀವೇ ಕೊಯ್ಯಿರಿ, ಮಸಾಲೆಯೂ ನೀವೇ ಅರೆಯಿರಿ.