ಮಣ್ಣೆಂಬ ಜಂಗಮ

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ತೋಟಿಗನಾದ ಗೊಗ್ಗಯ್ಯನನ್ನು ಸಂಧಿಸುವ ಪ್ರಸಂಗವೊಂದಿದೆ. ತೋಟದ ಕಾಯಕದಲ್ಲಿ ಮಗ್ನನಾಗಿದ್ದ ಆತನಿಗೆ ಪ್ರಭುಗಳು ಆತನ ಕಸುಬಿನ ಮಾತಿನಲ್ಲಿಯೇ ಅನುಭಾವವನ್ನು ಬೋಧಿಸುತ್ತಾರೆ. ದೇಹವೇ ತೋಟವೆನಿಸುವ ಆ ಬೋಧೆಯಲ್ಲಿ ಕಳೆಯೆಂದರೆ ಮನದ ಭ್ರಮೆ.

ಇಂದಿನ ತೋಟಿಗನನ್ನು ಆವರಿಸಿರುವ ಭ್ರಮೆ ಯಾವುದು? ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಕಳೆನಾಶಕದ ಬಳಕೆ ರೂಢಿಯಾಗಿದೆ. ವಿಷಕ್ಕೆ 'ಔಷಧಿ' ಎಂಬ ಹೆಸರು ನಿಂತುಬಿಟ್ಟಿದೆ. ಆದರೆ ರೈತನನ್ನು ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೂಲಿಯಾಳುಗಳು ದೊರೆಯುವುದಿಲ್ಲ, ಮಳೆಗಾಲದ ಹುಲ್ಲು ಕಾಯುವುದಿಲ್ಲ. ಹಲವರು ದಿನಗಟ್ಟಲೆ ಮಾಡುವ ಕೆಲಸವನ್ನು ಒಬ್ಬನೇ ಸಿಂಪರಣಾ ಡಬ್ಬಿ ಹೊತ್ತು ಮುಗಿಸುತ್ತಾನೆ.

ಹೆಚ್ಚು ಬಳಕೆಯಲ್ಲಿರುವ ಗ್ಲೈಫೋಸೇಟ್, ಸಸ್ಯವು ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳದಂತೆ ತಡೆದು ಅದನ್ನು ಕೊಲ್ಲುತ್ತದೆ. ಅದೇ ಜೀವಕ್ರಿಯೆ ಮಣ್ಣಿನ ಅನೇಕ ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲಿಯೂ ಇದೆ. ಒಂದೇ ಸಿಂಪರಣೆಗೆ ಮಣ್ಣು ಸಾಯುತ್ತದೆಂಬುದು ಅತಿಶಯೋಕ್ತಿ. ಸೂಕ್ಷ್ಮಜೀವಿಗಳೇ ಆ ವಿಷವನ್ನು ಕ್ರಮೇಣ ವಿಘಟಿಸುತ್ತವೆ. ನಿಜವಾದ ಹಾನಿ ವರ್ಷವರ್ಷವೂ ನೆಲವನ್ನು ಬೆತ್ತಲೆಗೊಳಿಸುವುದರಲ್ಲಿದೆ. ಜೀವಂತ ಬೇರು ತಾನು ಸ್ರವಿಸುವ ಸಕ್ಕರೆಯಿಂದ ಸೂಕ್ಷ್ಮಜೀವಿಗಳನ್ನು ಪೋಷಿಸುತ್ತದೆ. ಬೇರು ಸತ್ತರೆ ಆ ಅನ್ನ ನಿಲ್ಲುತ್ತದೆ. ಮರಳಿ ಹುಲ್ಲು ಬೆಳೆಯದಿದ್ದರೆ ಎರೆಹುಳುವಿನ ಆಹಾರವೂ ಕುಗ್ಗುತ್ತದೆ. ಹೊದಿಕೆಯಿಲ್ಲದ ಇಳಿಜಾರಿನ ಮೇಲ್ಮಣ್ಣು ಆಷಾಢದ ಮಳೆಗೆ ಬಸಿಗಾಲುವೆ ಸೇರಿ ಹಳ್ಳಕ್ಕೆ ಹರಿಯುತ್ತದೆ. ಗೊಬ್ಬರದ ಸಾರವೂ ಅದರೊಡನೆ ಹೋಗುತ್ತದೆ.

ಮಣ್ಣು ಮೇಲ್ನೋಟಕ್ಕೆ ಸ್ಥಾವರ. ಆದರೆ ಅದರೊಳಗೆ ಉಸಿರಾಟವಿದೆ, ಚಲನೆಯಿದೆ, ಹುಟ್ಟುಸಾವುಗಳಿವೆ. ಆದ್ದರಿಂದ ಮಣ್ಣನ್ನು ಜಂಗಮವೆಂದೇ ಭಾವಿಸಬೇಕು. ಜಂಗಮಕ್ಕೆ ಸಲ್ಲಬೇಕಾದುದು ದಾಸೋಹ. ಶರಣರು ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲ. ದುಡಿದು ಪಡೆದುದರಲ್ಲಿ ಪರರ ಪಾಲನ್ನು ಕಂಡರು. ತೋಟದ ಫಲದಲ್ಲಿ ಮಣ್ಣಿಗೂ ಪಾಲಿದೆ. ಆ ಪಾಲನ್ನು ಉಳಿಸಿಕೊಂಡು ಪಡೆದ ಲಾಭ ಲಾಭವಲ್ಲ, ಮಕ್ಕಳ ತಲೆಯ ಮೇಲೆ ಹೊರಿಸಿದ ಸಾಲ.

ಹಿರಿಯರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಅಡಿಕೆಯ ಬುಡಕ್ಕೆ ಹಾಸುತ್ತಿದ್ದುದು ಮಣ್ಣಿನ ದಾಸೋಹವೇ. ಇಂದು ಬೆಟ್ಟವೂ ಆಳೂ ವಿರಳವಾಗಿದ್ದರೂ ಹಾದಿ ಮುಚ್ಚಿಲ್ಲ. ಹುಲ್ಲನ್ನು ಕೊಲ್ಲದೆ ಯಂತ್ರದಿಂದ ಸವರಿ, ಸವರಿದ್ದನ್ನು ಅಲ್ಲಿಯೇ ಹಾಸಿದರೆ ಬೇರು ಮಣ್ಣನ್ನು ಹಿಡಿದಿರುತ್ತದೆ, ಹುಲ್ಲೇ ಗೊಬ್ಬರವಾಗುತ್ತದೆ. ಸಣ್ಣ ಹಿಡುವಳಿದಾರನಿಗೆ ಯಂತ್ರ ಕೊಳ್ಳುವುದು ಭಾರವಾದರೆ ನಾಲ್ಕಾರು ಮನೆಗಳು ಕೂಡಿ ಕೊಳ್ಳಬಹುದು.

2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು, ಕೀಟನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಗ್ಲೈಫೋಸೇಟನ್ನು ಯಾರೂ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಮನುಷ್ಯರಿಗೂ ಪ್ರಾಣಿಗಳಿಗೂ ಆಗಬಹುದಾದ ಅಪಾಯವನ್ನು ಅದಕ್ಕೆ ಕಾರಣವಾಗಿ ಹೇಳಿತು. ಆದರೆ ಕಾನೂನು ಪ್ರತಿಯೊಂದು ತೋಟದ ಬೇಲಿಯಲ್ಲಿಯೂ ಕಾವಲು ನಿಲ್ಲಲಾರದು. ಅಲ್ಲಿ ಕಾಯಬೇಕಾದುದು ಒಕ್ಕಲಿನ ಅರಿವು. ಹುಲ್ಲಿಲ್ಲದ ತೋಟವೇ ಅಚ್ಚುಕಟ್ಟಾದ ತೋಟವೆಂಬ ಭ್ರಮೆಯೇ ಮೊದಲು ಕೀಳಬೇಕಾದ ಕಳೆ.