ಆರನೇ ಕ್ಲಾಸಿಗೆ ಕಾಲಿಡುವ ಹೊಸ ಮೇಷ್ಟ್ರಿಗೆ, ಟೀಚರಿಗೆ ಕೆಲವು ಮಾತು

ಸರ್ಕಾರಿ ಶಾಲೆಗಳ ಆರರಿಂದ ಎಂಟನೇ ತರಗತಿಗೆಂದು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರಲ್ಲಿ ಅರ್ಜಿ ಕರೆದಾಗ, ನಮ್ಮ ಜೊತೆ ಓದಿದವರಲ್ಲೂ ಹಲವರು ಅರ್ಜಿ ಹಾಕಿದ್ದರು. ಪರೀಕ್ಷೆ, ಆಯ್ಕೆ ಪಟ್ಟಿ, ಕೋರ್ಟು, ಕೌನ್ಸೆಲಿಂಗ್ ಎಂದು ಸುತ್ತಾಡಿ ಕೊನೆಗೆ ಆದೇಶ ಪತ್ರ ಹಿಡಿದು, ಹೆಸರೇ ಕೇಳಿರದ ಊರಿನ ಬಸ್ಸು ಹತ್ತಿದರು. ಈಗಲೂ ಪ್ರತಿ ಜೂನ್‌ನಲ್ಲಿ ಯಾರಾದರೊಬ್ಬರು ಫೋನ್ ಮಾಡುತ್ತಾರೆ. "ಬಿ.ಇಡಿ.ಯಲ್ಲಿ ಕಲಿತದ್ದು ಒಂದು, ಇಲ್ಲಿರುವುದೇ ಇನ್ನೊಂದು. ಏನು ಮಾಡಬೇಕು ಹೇಳ್ರಪ್ಪಾ" ಎನ್ನುತ್ತಾರೆ.

ನಾವು ಶಿಕ್ಷಕರಲ್ಲ. ಹಳ್ಳಿ ಶಾಲೆಯಲ್ಲಿ ಓದಿ, ಹಳ್ಳಿ ಸುದ್ದಿ ಬರೆಯುವವರು. ಪ್ರತಿಭಾ ಕಾರಂಜಿ ಇದ್ದಾಗ, ಶೌಚಾಲಯದ ಬಾಗಿಲು ಮುರಿದಾಗ, ಊಟದಲ್ಲಿ ಹುಳ ಬಂದಾಗ ಶಾಲೆಗೆ ಹೋಗುತ್ತೇವೆ. ಆದರೆ ಶಾಲೆ ಬಿಟ್ಟ ಮಕ್ಕಳನ್ನು ನಾವು ಹೊರಗೆ ನೋಡುತ್ತೇವೆ. ಗ್ಯಾರೇಜಿನಲ್ಲಿ, ಇಟ್ಟಿಗೆ ಗೂಡಿನ ಹತ್ತಿರ, ಮದುವೆ ನಿಲ್ಲಿಸಲು ಅಧಿಕಾರಿಗಳು ಬಂದ ಮನೆಯ ಒಳಗೋಣೆಯಲ್ಲಿ. ಎಲ್ಲಿಂದ ಕೈತಪ್ಪಿದರು ಎಂದು ಹಿಂದಕ್ಕೆ ಹೆಜ್ಜೆ ಹುಡುಕಿದರೆ, ಹೆಚ್ಚಿನ ಸಲ ಅದು ಆರನೇ, ಏಳನೇ ತರಗತಿಗೆ ಹೋಗಿ ನಿಲ್ಲುತ್ತದೆ. ಆ ಕಾರಣಕ್ಕಾಗಿ ಈ ಮಾತು.

ಮೊದಲನೆಯದು ಓದು. ಆರನೇ ತರಗತಿಯ ಪಠ್ಯಪುಸ್ತಕ ಬರೆದವರು ಮಗುವಿಗೆ ಓದಲು ಬರುತ್ತದೆ ಎಂದು ನಂಬಿಕೊಂಡು ಬರೆದಿರುತ್ತಾರೆ. ನೀವು ನಂಬಬೇಡಿ. ದೇಶದ ಗ್ರಾಮೀಣ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯ 2022ರ ವರದಿ ನೋಡಿ. ಎಂಟನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 69.6. ಭಾಗಾಕಾರ ಬಿಡಿಸಬಲ್ಲವರು ಶೇ. 44.7. ಅಂದರೆ ನಿಮ್ಮ ಮುಂದೆ 30 ಮಕ್ಕಳು ಕೂತಿದ್ದರೆ, ಒಂಬತ್ತು ಹತ್ತು ಮಂದಿ ಪುಸ್ತಕವನ್ನು ನೋಡುತ್ತಿರಬಹುದೇ ಹೊರತು ಓದುತ್ತಿರಲಿಕ್ಕಿಲ್ಲ. ಅವರು ಗಲಾಟೆ ಮಾಡುವವರೇ ಆಗಿರಬೇಕೆಂದಿಲ್ಲ. ಬೋರ್ಡಿನಿಂದ ಮುತ್ತಿನಂಥ ಅಕ್ಷರದಲ್ಲಿ ನೋಟ್ಸ್ ಇಳಿಸಿಕೊಳ್ಳುವ ಹುಡುಗಿಗೂ ತಾನು ಬರೆದದ್ದನ್ನು ಓದಲು ಬಾರದೇ ಇರಬಹುದು. ಐದು ವರ್ಷದಲ್ಲಿ ಅವಳು ಕಲಿತ ದೊಡ್ಡ ವಿದ್ಯೆ ಎಂದರೆ ಸಿಕ್ಕಿಬೀಳದಿರುವುದು.

ಹಾಗಾಗಿ ಮೊದಲ ಹದಿನೈದು ದಿನ ಪಾಠದ ಜೊತೆಗೆ ಒಂದು ಕೆಲಸ ಮಾಡಿ. ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು, ಎರಡನೇ ತರಗತಿ ಮಟ್ಟದ ನಾಲ್ಕು ಸಾಲು ಓದಿಸಿ. ಎಲ್ಲರ ಎದುರಿಗೆ ಬೇಡ. ಯಾರು ಸರಾಗ ಓದುತ್ತಾರೆ, ಯಾರು ಒತ್ತಕ್ಷರದಲ್ಲಿ ಎಡವುತ್ತಾರೆ, ಯಾರು ಕಾಗುಣಿತದಲ್ಲೇ ನಿಂತಿದ್ದಾರೆ ಎಂದು ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಗೋಡೆಗೆ ಅಂಟಿಸುವುದಕ್ಕಲ್ಲ, ಇಲಾಖೆಗೆ ಕಳಿಸುವುದಕ್ಕೂ ಅಲ್ಲ.

"ಪೋರ್ಷನ್ ಮುಗಿಸೋರು ಯಾರು?" ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಬೋಧನೆ ಎಂದು ಗೊತ್ತುಮಾಡಿದೆ. ದಿನಕ್ಕೆ ಅರ್ಧ ಗಂಟೆ ಓದಿಗೆ ಎತ್ತಿಟ್ಟರೆ ವರ್ಷಕ್ಕೆ 110 ಗಂಟೆ. ಉಳಿದದ್ದು 890. ಓದಲು ಬಾರದ ಮಗುವಿಗೆ 1000 ಗಂಟೆ ಸಮಾಜ, ವಿಜ್ಞಾನ ಹೇಳುವುದಕ್ಕಿಂತ ಇದು ಲಾಭದ ವ್ಯಾಪಾರ. ಯಾರಾದರೂ ಆಕ್ಷೇಪ ಎತ್ತಿದರೆ ಅದೇ ಕಾಯ್ದೆಯ 24ನೇ ಕಲಂ ತೋರಿಸಿ. ಪಠ್ಯಕ್ರಮವನ್ನು ಸಮಯಕ್ಕೆ ಸರಿಯಾಗಿ ಮುಗಿಸಬೇಕು ಎಂದು ಹೇಳುವ ಆ ಕಲಮೇ, ಪ್ರತಿ ಮಗುವಿನ ಕಲಿಕೆಯ ಮಟ್ಟ ತಿಳಿದು ಬೇಕಾದ ಹೆಚ್ಚಿನ ಪಾಠ ಕೊಡಬೇಕು ಎಂದೂ ಹೇಳುತ್ತದೆ. ಮೊದಲ ಮಾತನ್ನು ಎಲ್ಲರೂ ನೆನಪಿಸುತ್ತಾರೆ. ಎರಡನೆಯದನ್ನು ನೀವೇ ನೆನಪಿಟ್ಟುಕೊಳ್ಳಬೇಕು.

ಓದು ಕಲಿಸುವುದು ಹೇಗೆ ಎಂದು ಪದವಿಯಲ್ಲಿ ನಿಮಗೆ ಹೇಳಿಕೊಟ್ಟಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಮೂಲೆಯ ಕುರ್ಚಿಯಲ್ಲಿ ಕೂರುವ ನಲಿಕಲಿ ಟೀಚರನ್ನು ಕೇಳಿ. ಶಾಲೆಯಲ್ಲಿ ಈ ವಿದ್ಯೆ ಬಲ್ಲವರು ಅವರೇ. ಆದರೆ ಅವರ ಕಾರ್ಡುಗಳನ್ನು ಹಾಗೇ ತಂದು ಹನ್ನೆರಡು ವರ್ಷದ ಹುಡುಗನ ಕೈಗೆ ಕೊಡಬೇಡಿ. ಮೀಸೆ ಚಿಗುರುವ ವಯಸ್ಸಿನವನಿಗೆ 'ಅರಸ, ಆನೆ' ಕೊಟ್ಟರೆ ಅವನು ನಾಳೆ ಬರುವುದಿಲ್ಲ. ಅದರ ಬದಲು ಅವನಿಗೆ ಮಾತಾಡಲು ಬಿಡಿ. ಮೇಕೆ ಮರಿ ಹಾಕಿದ್ದು, ಕಬಡ್ಡಿಯಲ್ಲಿ ಗೆದ್ದದ್ದು, ಏನಾದರೂ. ಅವನು ಹೇಳಿದ ನಾಲ್ಕು ವಾಕ್ಯಗಳನ್ನು ಅವನ ಮಾತಿನಲ್ಲೇ ನೀವು ಬರೆದುಕೊಡಿ. ತನ್ನ ಮಾತನ್ನು ತಾನೇ ಓದುವುದರಲ್ಲಿ ಅವಮಾನವಿಲ್ಲ. ಅಲ್ಲಿಂದ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೀಗ ಹಾಕಿದ್ದರೆ ನಮಗೆ ಹೇಳಿ, ಅದು ನಮ್ಮ ಕೆಲಸ.

ಎರಡನೆಯದು, ಊರು. ನಿಮ್ಮ ಶಾಲೆಯಲ್ಲಿ ನಿಮಗಿಂತ ಮೊದಲು ಅತಿಥಿ ಶಿಕ್ಷಕರೊಬ್ಬರು ಇದ್ದಿರಬಹುದು. ನೀವು ಬಂದದ್ದರಿಂದಲೇ ಅವರ ಕೆಲಸ ಹೋಗಿರಬಹುದು. ತಪ್ಪು ನಿಮ್ಮದಲ್ಲ, ಅವರದ್ದೂ ಅಲ್ಲ. ಸಾಧ್ಯವಾದರೆ ಹೋಗಿ ಮಾತಾಡಿಸಿ. ಯಾವ ಮಗುವಿನ ಅಪ್ಪ ಕುಡಿಯುತ್ತಾನೆ, ಯಾವ ಮನೆ ದೀಪಾವಳಿ ಮುಗಿದ ಮೇಲೆ ಗುಳೆ ಹೋಗುತ್ತದೆ, ಯಾವ ಹುಡುಗ ಲೆಕ್ಕದಲ್ಲಿ ಚುರುಕು ಎಂದು ಅವರಿಗೆ ಗೊತ್ತಿರುವಷ್ಟು ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ.

ಪಾಠದೊಳಗೂ ಊರು ಬರಲಿ. ದಶಮಾಂಶ ಕಲಿಸುವಾಗ ಒಂದು ಪಹಣಿ ತನ್ನಿ. 2 ಎಕರೆ 15 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿ ಎಂದರೆ ಅರ್ಧ ಕ್ಲಾಸು 3 ಎಕರೆ 45 ಗುಂಟೆ ಎನ್ನುತ್ತದೆ. ಹೊಲದವರ ಮನೆಯ ಯಾವುದಾದರೂ ಮಗು ನಗುತ್ತದೆ, ಏಕೆಂದರೆ 40 ಗುಂಟೆಗೇ ಎಕರೆ ತುಂಬುತ್ತದೆ. ಉತ್ತರ 4 ಎಕರೆ 5 ಗುಂಟೆ. ಹತ್ತಕ್ಕೆ ದಶಕ ಯಾಕೆ, ನಲವತ್ತಕ್ಕೆ ಎಕರೆ ಯಾಕೆ ಎಂಬ ಮಾತು ಅಲ್ಲಿಂದ ಶುರುವಾದರೆ ಸ್ಥಾನಬೆಲೆ ತಲೆಗೆ ಹತ್ತುತ್ತದೆ. ಏಳನೇ ತರಗತಿಯ ಆಮ್ಲ-ಪ್ರತ್ಯಾಮ್ಲಕ್ಕೆ ಪ್ರಯೋಗಾಲಯ ಬೇಡ. ಅರಿಶಿನ ಹಚ್ಚಿದ ಕಾಗದ, ಸೋಪಿನ ನೀರು, ನಿಂಬೆಹಣ್ಣು ಸಾಕು. ಸೋಪಿಗೆ ಕೆಂಪಾದ ಕಾಗದ ನಿಂಬೆರಸಕ್ಕೆ ಮತ್ತೆ ಹಳದಿಯಾಗುವುದನ್ನು ಕಂಡ ಮಗು ಅದನ್ನು ಮನೆಯಲ್ಲೂ ಮಾಡಿ ನೋಡುತ್ತದೆ.

ಮಾತಿನ ಬಗ್ಗೆ ಒಂದು ಕಿವಿಮಾತು. ನೀವು ಕಲಬುರಗಿಯವರಾಗಿ ಹಾಸನಕ್ಕೆ ಹೋಗಿರಬಹುದು, ಮೈಸೂರಿನವರಾಗಿ ಯಾದಗಿರಿಗೆ ಬಂದಿರಬಹುದು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಕರಾವಳಿಯ ಮಗುವಿನದು ತುಳುವೋ ಬ್ಯಾರಿಯೋ ಇರಬಹುದು. 'ಹಾಲು' ಎನ್ನಲು 'ಆಲು' ಎಂದ ಮಗುವನ್ನು ನೋಡಿ ನೀವು ಒಮ್ಮೆ ನಕ್ಕರೆ ಸಾಕು, ಆ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ. ಬರವಣಿಗೆಯ ಕನ್ನಡ ಕಲಿಸಿ, ಬೇಕು. ಆದರೆ ಮನೆಯ ಮಾತನ್ನು ಗೇಟಿನ ಹೊರಗೆ ಬಿಟ್ಟು ಬಾ ಎನ್ನಬೇಡಿ.

ಮೂರನೆಯದು, ಕೋಲು. "ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳೋದಿಲ್ಲ" ಎಂದು ಪೋಷಕರೇ ಹೇಳುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಸೇರಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪೋಷಕರು ಒಪ್ಪಿದರೂ ನಿಷೇಧ ನಿಷೇಧವೇ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಈ ವಯಸ್ಸಿನಲ್ಲಿ ಏಟು ತಿಂದ ಮಗು ಪಾಠ ಕಲಿಯುವುದಿಲ್ಲ, ಶಾಲೆ ತಪ್ಪಿಸುವುದನ್ನು ಕಲಿಯುತ್ತದೆ. ಐದನೇ ತರಗತಿಯವರೆಗೆ ಅಪ್ಪ ಎಳೆದು ತಂದು ಬಿಡುತ್ತಾನೆ. ಹದಿಮೂರರ ಹುಡುಗನಿಗೆ ಹೊರಗೆ ಕೂಲಿ ಸಿಗುತ್ತದೆ ಎಂಬುದು ನೆನಪಿರಲಿ. ನಿಮ್ಮ ಕೋಲಿಗೆ ಪರ್ಯಾಯ ಅವನ ಹತ್ತಿರ ಇದೆ.

ಹುಡುಗಿಯರ ವಿಷಯ ಬೇರೆ. ತಿಂಗಳಿಗೆ ಮೂರು ನಾಲ್ಕು ದಿನ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತದೆ ಎಂದು ಗಮನಿಸಿ. ಬೈಯುವ ಮೊದಲು ಶೌಚಾಲಯಕ್ಕೆ ಚಿಲಕ ಇದೆಯೇ, ನೀರು ಬರುತ್ತದೆಯೇ, ಕಸದ ಡಬ್ಬಿ ಇದೆಯೇ ನೋಡಿ. ನೀವು ಗಂಡಸಾಗಿದ್ದರೆ ಸಹೋದ್ಯೋಗಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿ ಮಾತಾಡಿಸಿ. ಯಾವುದಾದರೂ ಮಗು ತನ್ನ ಮೇಲೆ ನಡೆದ ದೌರ್ಜನ್ಯ ಹೇಳಿಕೊಂಡರೆ, ಊರ ಹಿರಿಯರು "ಇಲ್ಲೇ ಮುಗಿಸೋಣ" ಎಂದರೆ ತಲೆಯಾಡಿಸಬೇಡಿ. 2012ರ ಪೋಕ್ಸೊ ಕಾಯ್ದೆ ತಿಳಿದವರು ವರದಿ ಮಾಡಲೇಬೇಕು ಎನ್ನುತ್ತದೆ. ಮಕ್ಕಳ ಸಹಾಯವಾಣಿ 1098 ಪ್ರತಿ ಮಗುವಿಗೂ ಬಾಯಿಪಾಠ ಆಗಿರಬೇಕು. ಮಗ್ಗಿಗಿಂತ ಮೊದಲು.

ನಾಲ್ಕನೆಯದು, ಕಾಗದದ ಕೆಲಸ. ಸ್ಯಾಟ್ಸ್ ನಮೂದು, ಹಾಲಿನ ಪುಡಿ ಲೆಕ್ಕ, ಮೊಟ್ಟೆಯ ಫೋಟೊ, ಆಧಾರ್ ಜೋಡಣೆ, ವಾಟ್ಸಾಪ್ ಗುಂಪಿನಲ್ಲಿ ಬರುವ 'ತುರ್ತು' ಸಂದೇಶ. ಹೊಸಬರು, ಕಂಪ್ಯೂಟರ್ ಬರುತ್ತದೆ ಎಂದು ಎಲ್ಲವೂ ನಿಮ್ಮ ತಲೆಗೇ ಬರುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎಂದು 27ನೇ ಕಲಂ ಹೇಳುತ್ತದೆ ನಿಜ. ಶಾಲೆಯ ಒಳಗಿನ ಗುಮಾಸ್ತಿಕೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇದನ್ನು ನೀವೊಬ್ಬರೇ ಬದಲಿಸಲಾರಿರಿ. ಅದು ಸರ್ಕಾರ ಸರಿಪಡಿಸಬೇಕಾದ್ದು, ನಾವು ಬರೆಯುತ್ತಲೇ ಇರಬೇಕಾದ್ದು. ನೀವು ಮಾಡಬಹುದಾದ್ದು ಇಷ್ಟು: ತರಗತಿಯ ಹೊತ್ತಿನಲ್ಲಿ ಮೊಬೈಲು ತೆಗೆಯುವುದಿಲ್ಲ ಎಂದು ಮೊದಲ ವಾರದಲ್ಲೇ ನಯವಾಗಿ ಎಲ್ಲರಿಗೂ ತಿಳಿಸಿಬಿಡಿ. ಆರು ತಿಂಗಳು ರೂಢಿಯಾದ ಮೇಲೆ ಹೇಳಿದರೆ ಅದು ಜಗಳವಾಗುತ್ತದೆ. ಮೊದಲ ವಾರ ಹೇಳಿದರೆ "ಆ ಮೇಷ್ಟ್ರು ಹಾಗೇ" ಎಂದು ಬಿಟ್ಟುಬಿಡುತ್ತಾರೆ.

ಎಸ್‌ಡಿಎಂಸಿ ಸಭೆಯನ್ನು ಸಹಿ ಹಾಕಿಸುವ ಸಭೆಯಾಗಿ ಬಿಡಬೇಡಿ. ತಾಯಂದಿರು ಬರುವ ಹೊತ್ತಿಗೆ ಇಡಲು ಮುಖ್ಯ ಶಿಕ್ಷಕರಿಗೆ ಹೇಳಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಪ್ರಶ್ನೆ ಬರೆಸಿಕೊಂಡು ಕರೆದುಕೊಂಡು ಹೋಗಿ. ಆದರೆ ಪ್ರಶ್ನೆ ನೀವು ಬರೆದುಕೊಡಬೇಡಿ. ಮೇಷ್ಟ್ರು ಬರೆದ ಪ್ರಶ್ನೆ ಯಾವುದು, ಮಗುವಿನದು ಯಾವುದು ಎಂದು ಪಿಡಿಒಗೂ ಗೊತ್ತಾಗುತ್ತದೆ, ನಮಗೂ ಗೊತ್ತಾಗುತ್ತದೆ.

ಕೊನೆಯದು, ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ರಾಜ್ಯದ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳನೇ ತರಗತಿಗೆ ಮುಗಿಯುತ್ತವೆ. ಎಂಟಕ್ಕೆ ಪಕ್ಕದೂರಿನ ಹೈಸ್ಕೂಲಿಗೆ ಹೋಗಬೇಕು. ಹಳ್ಳಿಯ ಮಗುವಿಗೆ ಆ ನಾಲ್ಕೈದು ಕಿಲೋಮೀಟರು ಹಳ್ಳದ ಹಾಗೆ. ಬಸ್ಸು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ತಾಳ ಇಲ್ಲ. ಸಂಜೆ ಕತ್ತಲಾಗುತ್ತದೆ. "ಸಾಕು ಓದಿದ್ದು" ಎನ್ನಲು ಮನೆಯವರಿಗೆ ನೆಪ ಸಿಗುತ್ತದೆ, ಅದರಲ್ಲೂ ಹುಡುಗಿಯಾಗಿದ್ದರೆ. ಯಾರೂ ಶಾಲೆ ಬಿಡಿಸಿದೆವು ಎಂದು ಹೇಳುವುದಿಲ್ಲ. ಟಿ.ಸಿ. ತೆಗೆದುಕೊಂಡು ಹೋಗುತ್ತಾರೆ, ಅಷ್ಟೆ. ಏಳನೇ ತರಗತಿಯ ಶಾಲೆಯ ಲೆಕ್ಕದಲ್ಲಿ ಆ ಮಗು ಪಾಸಾಗಿ ಹೋಗಿದೆ. ಹೈಸ್ಕೂಲಿನ ಲೆಕ್ಕಕ್ಕೆ ಅದು ಬಂದೇ ಇಲ್ಲ. ಎರಡು ರಿಜಿಸ್ಟರುಗಳ ನಡುವೆ ಮಗು ಕಳೆದುಹೋಗುತ್ತದೆ. ಎರಡೂ ಕಡೆ ಕಾಗದ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ಏಳನೇ ತರಗತಿ ನಿಮ್ಮದಾಗಿದ್ದರೆ ಜನವರಿಯಿಂದಲೇ ಕೆಲಸ ಶುರು ಮಾಡಿ. ಮುಂದೆ ಎಲ್ಲಿಗೆ ಹೋಗುತ್ತೀರಿ ಎಂದು ಪ್ರತಿ ಮನೆಯನ್ನೂ ಕೇಳಿ. "ನೋಡೋಣ" ಎಂದವರ ಮನೆಗೆ ಎರಡನೇ ಸಲ ಹೋಗಿ. ಮಕ್ಕಳನ್ನು ಒಂದು ದಿನ ಆ ಹೈಸ್ಕೂಲಿಗೆ ಕರೆದುಕೊಂಡು ಹೋಗಿ ತೋರಿಸಿ, ನಾಲ್ಕು ಹುಡುಗಿಯರು ಜೊತೆಯಾಗಿ ಹೋಗಿಬರುವ ಏರ್ಪಾಡಿದ್ದರೆ ಎಷ್ಟೋ ತಂದೆತಾಯಿ ಒಪ್ಪುತ್ತಾರೆ. ಬಸ್ಸಿನ ಸಮಯ ಬದಲಿಸಲು ಡಿಪೊ ವ್ಯವಸ್ಥಾಪಕರಿಗೆ ಪಂಚಾಯಿತಿಯಿಂದ ಮನವಿ ಕೊಡಿಸಿ, ಒಂದು ಪ್ರತಿ ನಮಗೂ ಕಳಿಸಿ. ಹಾಸ್ಟೆಲ್ ಅರ್ಜಿ ತುಂಬಿಕೊಡಿ.

ಇದೆಲ್ಲ ಒಬ್ಬ ಶಿಕ್ಷಕರ ಮೇಲೆ ಹೊರಿಸುವುದು ನ್ಯಾಯವೇ ಎಂದು ನೀವು ಕೇಳಬಹುದು. ನ್ಯಾಯವಲ್ಲ. ಪಕ್ಕದಲ್ಲೇ ಹೈಸ್ಕೂಲು, ಹೊತ್ತಿಗೆ ಸರಿಯಾದ ಬಸ್ಸು, ಖಾಲಿಯಿಲ್ಲದ ಹುದ್ದೆ ಕೊಡುವುದು ಸರ್ಕಾರದ ಕೆಲಸ. ಆದರೆ ಅದೆಲ್ಲ ಆಗುವ ತನಕ ಈ ವರ್ಷದ ಏಳನೇ ತರಗತಿ ಕಾಯುವುದಿಲ್ಲ. ಎಲ್ಲವನ್ನೂ ಮಾಡಲಾಗದಿದ್ದರೆ ಎರಡನ್ನಾದರೂ ಮಾಡಿ: ಆರಕ್ಕೆ ಬಂದವರಿಗೆ ಓದು ಕಲಿಸಿ, ಏಳು ಮುಗಿಸಿದವರನ್ನು ಎಂಟಕ್ಕೆ ಮುಟ್ಟಿಸಿ.

ನಿಮ್ಮ ಮೊದಲ ವರ್ಷ ಹೇಗೆ ಹೋಯಿತು ಎಂದು ಇನ್‌ಸ್ಪೆಕ್ಷನ್ ವರದಿ ನೋಡಿ ತಿಳಿಯಬೇಡಿ. ಮುಂದಿನ ಜೂನ್ ಕೊನೆಯ ವಾರ ಒಂದು ದಿನ ರಜೆ ಹಾಕಿ, ಪಕ್ಕದೂರಿನ ಹೈಸ್ಕೂಲಿಗೆ ಹೋಗಿ. ಎಂಟನೇ ತರಗತಿಯ ಹಾಜರಿ ಪುಸ್ತಕ ಕೇಳಿ ತೆಗೆದುಕೊಂಡು ನಿಮ್ಮ ಮಕ್ಕಳ ಹೆಸರು ಒಂದೊಂದಾಗಿ ಹುಡುಕಿ. ಸಿಗದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ವಾಪಸ್ ಬರುವಾಗ ಮೊದಲು ಆ ಮನೆಗಳಿಗೆ ಹೋಗಿ. ಜೂನ್ ತಿಂಗಳಲ್ಲಿ ಇನ್ನೂ ಹೊತ್ತು ಮೀರಿರುವುದಿಲ್ಲ.