ಮಾವು ತೊಳೆಯುವ ಮೊದಲು ತೊಟ್ಟಿಯ ನೀರು ನೋಡಿ

ಮಾವಿನ ಸುಗ್ಗಿ ಬಂತೆಂದರೆ ತೋಟದಲ್ಲೊಂದು ಡ್ರಮ್ಮೋ ಸಿಮೆಂಟ್ ತೊಟ್ಟಿಯೋ ಸಿದ್ಧವಾಗುತ್ತದೆ. ಬೆಳಿಗ್ಗೆ ತುಂಬಿಸಿದ ನೀರಿನಲ್ಲೇ ಸಂಜೆವರೆಗೂ ಕಾಯಿ ಅದ್ದಿ ತೆಗೆಯುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಆ ನೀರು ಸೊನೆ, ಮಣ್ಣು ಸೇರಿ ಕದಡಿರುತ್ತದೆ. ಆದರೂ 'ಕಾಯಿ ತೊಳೆದಾಯ್ತು' ಅಂತ ಸಮಾಧಾನ ಪಡ್ತೀವಿ.

ನಾನೂ ಹಾಗೇ ಮಾಡಿದವನು. ಒಂದು ವರ್ಷ ನನ್ನ ಬಾದಾಮಿ ಹಣ್ಣಿನ ತೊಟ್ಟಿನ ಸುತ್ತ ಕೊಳೆ ಬಂದು, ವ್ಯಾಪಾರಿ ಕ್ರೇಟುಗಟ್ಟಲೆ ಕಳೆದು ದುಡ್ಡು ಕೊಟ್ಟರು. ತೊಳೆಯದೆ ಕಳಿಸಿದ ಪಕ್ಕದ ತೋಟದ ಹಣ್ಣು ನನ್ನದಕ್ಕಿಂತ ಚೆನ್ನಾಗಿತ್ತು! ಆಗಲೇ ನನಗೆ ಅರ್ಥವಾದದ್ದು: ಒಂದು ಕೊಳೆತ ಕಾಯಿಯ ರೋಗಾಣುವನ್ನು ನೂರು ಕಾಯಿಗೆ ಹಂಚಿದ್ದು ನನ್ನ ತೊಟ್ಟಿಯ ನೀರೇ.

ಕ್ಲೋರಿನ್ ಹಾಕುವುದು ಹಣ್ಣಿಗೆ ಔಷಧಿ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಹಣ್ಣಿಗಲ್ಲ, ನೀರಿಗೆ ಹಾಕುವ ಔಷಧಿ. ನೀರಿನಲ್ಲಿ, ಸಿಪ್ಪೆಯ ಮೇಲೆ ಇರುವ ರೋಗಾಣುವನ್ನು ಅದು ಕೊಲ್ಲುತ್ತದೆ. ಕಾಯಿ ಎಳೆಯದಿರುವಾಗಲೇ ಒಳಸೇರಿ ಅಡಗಿ ಕುಳಿತ ಚಿಬ್ಬು ರೋಗದ ಶಿಲೀಂಧ್ರವನ್ನು ಅದು ಮುಟ್ಟುವುದಿಲ್ಲ.

ಲೆಕ್ಕ ಸುಲಭ. 100 ಲೀಟರ್ ನೀರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 200 ಮಿ.ಲೀ. ಹಾಕಿದರೆ 100 ಪಿಪಿಎಂ ಆಗುತ್ತದೆ. ಒಂದೆರಡು ನಿಮಿಷ ಅದ್ದಿದರೆ ಸಾಕು. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆ ಕಾಯಿಯನ್ನು ಕ್ರೇಟಿಗೆ ತುಂಬಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಮೂರು ವಿಷಯ ಮರೆಯಬೇಡಿ. ಒಂದು, ಸೊನೆ, ಮಣ್ಣು ಸೇರಿದಷ್ಟೂ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಹಾಗಾಗಿ ಸೊನೆಯನ್ನು ಮೊದಲೇ ಇಳಿಸಿ, ನೀರು ಕದಡಿದ ಕೂಡಲೇ ಬದಲಿಸಿ. ಎರಡು, ನೀರಿನ ರಸಸಾರ (ಪಿಎಚ್) 6.5ರಿಂದ 7.5ರ ನಡುವೆ ಇರಲಿ. ಕ್ಷಾರ ಹೆಚ್ಚಿದ್ದರೆ ಕ್ಲೋರಿನ್ ಮಂದವಾಗುತ್ತದೆ, ಆಮ್ಲ ಹೆಚ್ಚಾದರೆ ವಿಷಗಾಳಿ ಏಳುತ್ತದೆ. ನೀರಿನ ಗುಣ ತಿಳಿಯಲು ಪರೀಕ್ಷಾ ಪಟ್ಟಿ ಇಟ್ಟುಕೊಳ್ಳಿ. ಮೂರು, ಬಿಸಿಲಿಗೆ ಕಾದ ಕಾಯಿಯನ್ನು ತಣ್ಣೀರಿಗೆ ಹಾಕಬೇಡಿ. ಕಾಯಿ ತಣಿಯುವಾಗ ತೊಟ್ಟಿನ ಜಾಗದಿಂದ ನೀರು, ಅದರ ಜೊತೆ ರೋಗಾಣು ಒಳಗೆ ಹೋಗುತ್ತದೆ.

ಒಳಗಿನ ಚಿಬ್ಬು ರೋಗಕ್ಕೆ ಬಿಸಿನೀರೇ ಮದ್ದು. ಬಲಿತ ಕಾಯಿಯನ್ನು 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5ರಿಂದ 10 ನಿಮಿಷ ಇಡಬೇಕು. ಇದಕ್ಕೆ ಥರ್ಮಾಮೀಟರ್ ಬೇಕೇ ಬೇಕು. ಕೈಯಲ್ಲಿ ಮುಟ್ಟಿ ನೋಡುವ ಅಂದಾಜು ನಡೆಯುವುದಿಲ್ಲ, ಬಿಸಿ ಹೆಚ್ಚಾದರೆ ಸಿಪ್ಪೆ ಸುಡುತ್ತದೆ. ಒಬ್ಬ ಸಣ್ಣ ರೈತನಿಗೆ ಈ ವ್ಯವಸ್ಥೆ ಭಾರ ಎಂಬುದು ನಿಜ. ಆದರೆ ಊರಿನ ರೈತ ಉತ್ಪಾದಕರ ಸಂಘ ಸೇರಿ ಒಂದು ಬಿಸಿನೀರಿನ ತೊಟ್ಟಿ ಇಟ್ಟರೆ ಎಲ್ಲರಿಗೂ ಸಾಕಾಗುತ್ತದೆ. ಸಂಘಗಳು ಗೊಬ್ಬರ ಮಾರುವುದರ ಜೊತೆ ಈ ಕೆಲಸಕ್ಕೂ ಕೈಹಾಕಬೇಕು ಎನ್ನುವುದು ನನ್ನ ಒತ್ತಾಯ.

ದ್ರಾಕ್ಷಿ, ಅಂಜೂರ, ಸ್ಟ್ರಾಬೆರಿ ಬೆಳೆಯುವವರಿಗೊಂದು ಮಾತು: ಈ ವಿಧಾನ ನಿಮಗಲ್ಲ. ಅವು ನೀರು ತಾಗಿದರೇ ಬೇಗ ಕೆಡುವ ಹಣ್ಣುಗಳು. ಅಲ್ಲಿ ಕತ್ತರಿ, ಕ್ರೇಟು, ಕೈ ಶುಚಿಯಾಗಿರಲಿ, ಹಣ್ಣು ಬೇಗ ತಂಪಿಗೆ ಹೋಗಲಿ.

ವರ್ಷವಿಡೀ ಬೆವರು ಸುರಿಸಿ ಬೆಳೆದ ಹಣ್ಣನ್ನು ಕೊನೆಯ ದಿನ ಕೊಳಕು ನೀರಿಗೆ ಹಾಕುವುದು ಯಾವ ಲಾಭಕ್ಕೆ? ಈ ಸಲ ಶುದ್ಧ ನೀರು ಕೊಡಲು ಆಗದಿದ್ದರೆ ದಯವಿಟ್ಟು ತೊಳೆಯಲೇಬೇಡಿ. ಬಟ್ಟೆಯಲ್ಲಿ ಒರೆಸಿ ಕಳಿಸಿ, ಅದೇ ವಾಸಿ.